ಅಪ್ಪಣೆ ಹೊತ್ತವನು ಯಾರವನು? — ‘ಓಂಬುಡ್ಸ್‌ಮನ್’ ಎಂಬ ಶಬ್ದದ ಮನೆತನ

ಎರಡು ತಿಂಗಳ ಹಿಂದೆ ನಾವು ಒಂದು ಬ್ಯಾಂಕಿನಲ್ಲಿ ಸರದಿಗಾಗಿ ಕಾದು ಕುಳಿತಿದ್ದಾಗ ನಡೆದ ಸಣ್ಣ ಸಂಗತಿಯೊಂದನ್ನು ಹೇಳಿ ಈ ಸಲದ ಲೇಖನವನ್ನು ಆರಂಭಿಸುವೆವು. ನಮ್ಮ ಪಕ್ಕದಲ್ಲಿ ನಮ್ಮ ಬೀದಿಯವರೇ ಆದ ವೃದ್ಧ ಮಾತೆಯೊಬ್ಬರು ಕುಳಿತಿದ್ದರು. ತೀರಿಕೊಂಡ ಪತಿಯ ಪಿಂಚಣಿಯಿಂದ ಜೀವನ ನಡೆಸತಕ್ಕವರು. ಅವರ ಲೆಕ್ಕದಿಂದ, ಅವರು ಕೇಳದೆಯೇ, ಯಾವುದೋ ವಿಮೆಯ ಕಂತೆಂಬ ಹೆಸರಿನಲ್ಲಿ ಎರಡು ಸಲ ಹಣ ಕಡಿತವಾಗಿದ್ದಿತು. ಆ ವಿಷಯವನ್ನು ವಿಚಾರಿಸಲು ಬಂದು, ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆದು, ಬಳಲಿ ಕುಳಿತಿದ್ದರು. ಗೋಡೆಯ ಮೇಲಿನ ಫಲಕವನ್ನು ಕಣ್ಣು ಕಿರಿದುಮಾಡಿ ಓದಿ, ನಮ್ಮ ಕಡೆಗೆ ತಿರುಗಿ, “ಏನಪ್ಪಾ, ಇದು ಓಂಕಾರದಿಂದ ಮೊದಲಾಗಿದೆಯಲ್ಲ, ದೇವರ ಸಂಬಂಧದ್ದೇನು?” ಎಂದು ಕೇಳಿದರು. ಫಲಕದಲ್ಲಿ ‘ಓಂಬುಡ್ಸ್‌ಮನ್’ ಎಂದು ಬರೆದಿದ್ದಿತು.

“ದೇವರ ಸಂಬಂಧದ್ದಲ್ಲಮ್ಮ, ಬ್ಯಾಂಕಿನ ಮೇಲೆ ದೂರಿದ್ದವರ ಅಹವಾಲನ್ನು ಕೇಳತಕ್ಕ ಅಧಿಕಾರಿಗೆ ಆ ಹೆಸರು” ಎಂದೆವು.

“ಅದು ಸರಿ. ಆದರೆ ಅವನು ಯಾರ ಕಡೆಯವನು? ಇವರ ಮನುಷ್ಯನೋ, ನಮ್ಮ ಮನುಷ್ಯನೋ?”

ಈ ಪ್ರಶ್ನೆಗೆ ನಾವು ಕೂಡಲೆ ಉತ್ತರ ಹೇಳಲಾರದೆ ಹೋದೆವು. ಮನೆಗೆ ಬಂದು ಆ ಶಬ್ದದ ಮೂಲವನ್ನು ಹುಡುಕುತ್ತ ಹೋದ ಹಾಗೆಲ್ಲ, ಆ ತಾಯಿಯು ಕೇಳಿದ ಮಾತೇ ಅದರ ಚರಿತ್ರೆಯ ಸಾರವೆಂದು ನಮಗೆ ತೋರಿಬಂದಿತು. ಏಳೆಂಟು ನೂರು ವರ್ಷಗಳಿಂದ ಉತ್ತರದೇಶದ ಜನರು ಈ ಶಬ್ದವನ್ನು ಮುಂದಿಟ್ಟುಕೊಂಡು, ಇವನು ಯಾರ ಮನುಷ್ಯನೆಂದು ವಾದಿಸುತ್ತ ಬಂದಿದ್ದಾರೆ.

ಮೊದಲು ತೋರಿಕೆಯ ನಂಟುಗಳನ್ನು ದೂರವಿಡೋಣ. ಈ ಶಬ್ದವು ಸ್ವೀಡನ್ ದೇಶದ್ದು. ಅದರ ಆರಂಭದಲ್ಲಿರುವ ‘ಓಂ’ ಎಂಬುದಕ್ಕೂ ನಮ್ಮ ಪ್ರಣವಕ್ಕೂ ಯಾವ ಸಂಬಂಧವೂ ಇಲ್ಲ. ನಡುವಿನ ‘ಬುಡ್’ ಎಂಬುದಕ್ಕೂ ಮರದ ಬುಡಕ್ಕೂ ಸಂಬಂಧವಿಲ್ಲ. ಶಬ್ದಗಳ ನಂಟಸ್ತಿಕೆಯಲ್ಲಿ ಮುಖ ಹೋಲುವವರೆಲ್ಲ ದಾಯಾದಿಗಳಲ್ಲ. ಮುಖ ಹೋಲದವರೇ ಅನೇಕ ವೇಳೆ ಒಂದೇ ಮನೆತನದವರಾಗಿರುವರು. ಈ ಶಬ್ದದ ವಿಷಯದಲ್ಲಿ ಹಾಗೆಯೇ ಆಗಿದೆ. ಹೊರಗಿನ ಹೋಲಿಕೆ ಸುಳ್ಳಾದರೂ, ಒಳಗೆ ಅದರ ಮೂರು ಅಂಗಗಳಿಗೂ ಸಂಸ್ಕೃತದಲ್ಲಿ ನಿಜವಾದ ಸೋದರರುಂಟು. ನಮ್ಮ ಕನ್ನಡವು ದ್ರಾವಿಡ ಕುಲದ್ದಾದಕಾರಣ ಈ ನಂಟು ನೇರವಾದುದಲ್ಲ. ಆದರೆ ಸಂಸ್ಕೃತದಿಂದ ನಾವು ಮನೆತುಂಬಿಸಿಕೊಂಡ ಮಾತುಗಳ ಮೂಲಕ ಅದು ನಮ್ಮ ಅಂಗಳಕ್ಕೂ ಬಂದು ಮುಟ್ಟುವುದು.

‘ಓಂಬುಡ್ಸ್‌ಮನ್’ ಎಂಬುದು ಸಮಾಸಪದ. ‘ಒಮ್’, ‘ಬೂದ್’, ‘ಮನ್’ ಎಂದು ಅದರ ಅಂಗಗಳು ಮೂರು. ಸ್ವೀಡಿಷ್ ಜನರ ಉಚ್ಚಾರಣೆಯಲ್ಲಿ ನಡುವಣ ಅಂಗದ ಕೊನೆಯ ಅಕ್ಷರವು ಹಲ್ಲಿಗೆ ನಾಲಗೆ ತಗುಲಿಸಿ ನುಡಿಯುವ ದಕಾರವೇ ಹೊರತು ಡಕಾರವಲ್ಲ. ನಾವು ಬರೆಯುವ ಡಕಾರವು ಇಂಗ್ಲಿಷಿನ ದಾರಿಯಾಗಿ ಬಂದುದು. ಎರಡನೆಯ ಮತ್ತು ಮೂರನೆಯ ಅಂಗಗಳ ನಡುವೆ ನಿಂತಿರುವ ‘ಸ್’ ಎಂಬುದು ಷಷ್ಠೀ ವಿಭಕ್ತಿಯ ಪ್ರತ್ಯಯ. ಸಮಾಸದಲ್ಲಿ ವಿಭಕ್ತಿಯು ಲೋಪವಾಗದೆ ಉಳಿದರೆ ಅಲುಕ್ ಸಮಾಸವೆಂದು ನಮ್ಮ ವ್ಯಾಕರಣವು ಹೇಳುವುದಷ್ಟೆ? ‘ವಾಚಸ್ಪತಿ’ ಎಂಬಲ್ಲಿ ‘ವಾಚಃ’ ಎಂಬ ಷಷ್ಠಿಯ ಸಕಾರವು ಪತಿಯ ಮುಂದೆ ಹೇಗೆ ನಿಂತಿದೆಯೋ, ಹಾಗೆಯೇ ‘ಒಂಬೂದ್‌’ನ ಮುಂದೆ ಈ ಸಕಾರವು ನಿಂತು, ‘ಒಂಬೂದಿನ ಮನುಷ್ಯ’ ಎಂಬ ಅರ್ಥವನ್ನು ಕೊಡುತ್ತದೆ. ಪ್ರಾಚೀನ ನಾರ್ಸ್ ಭಾಷೆಯಲ್ಲಿ ಇದೇ ಶಬ್ದದ ರೂಪವು ‘ಉಂಬೋಥ್ಸ್‌ಮಾಥ್ರ್’ ಎಂಬುದಕ್ಕೆ ಸಮೀಪವಾಗಿದ್ದಿತು.

ಮೊದಲನೆಯ ಅಂಗ ‘ಒಮ್’. ಇದರ ಹಳೆಯ ರೂಪ ‘ಉಂಬಿ’; ಸುತ್ತಲೂ, ಕುರಿತು ಎಂದು ಅರ್ಥ. ಗ್ರೀಕಿನ ‘ಆಂಫಿ’, ಲ್ಯಾಟಿನ್ನಿನ ‘ಅಂಬಿ’, ಜರ್ಮನ್ನಿನ ‘ಉಮ್’ ಇವೆಲ್ಲ ಇದರ ಸೋದರರು. ಸಂಸ್ಕೃತದಲ್ಲಿ ಇದಕ್ಕೆ ಸಾಟಿಯಾದುದು ‘ಅಭಿತಃ’ ಎಂಬ ಅವ್ಯಯ. ಎರಡು ಕಡೆಯಲ್ಲಿಯೂ, ಸುತ್ತಲೂ ಎಂದು ಅದರ ಅರ್ಥ. ‘ಉಂಬಿ’ಗೂ ‘ಅಭಿ’ಗೂ ಏನು ಹೋಲಿಕೆ ಎಂದು ವಾಚಕರು ಕೇಳಬಹುದು. ಆದಿಯಲ್ಲಿದ್ದ ಸ್ವರದಂತಹ ಅನುನಾಸಿಕವು ಜರ್ಮಾನಿಕ ಭಾಷೆಗಳಲ್ಲಿ ‘ಉನ್’, ‘ಉಮ್’ ಆಯಿತು. ಸಂಸ್ಕೃತದಲ್ಲಿ ಬರಿಯ ಅಕಾರವಾಗಿ ನಿಂತಿತು. ಆದುದರಿಂದಲೇ ಸಂಸ್ಕೃತದಲ್ಲಿ ‘ಅ’ ಎಂಬುದರಿಂದ ನಿಷೇಧವನ್ನು ಹೇಳುವಲ್ಲಿ ಇಂಗ್ಲಿಷಿನವರು ‘ಅನ್’ ಎಂದೂ ಜರ್ಮನರು ‘ಉನ್’ ಎಂದೂ ಹೇಳುವರು. ನಮ್ಮ ‘ಶತ’ವಿದ್ದಲ್ಲಿ ಸ್ವೀಡನ್ನಿನವರದು ‘ಹುಂದ್ರ’. ಒಂದು ಕಡೆ ಹೀಗಾದರೆ ಎಲ್ಲ ಕಡೆಯೂ ಹೀಗೆಯೇ ಆಗಬೇಕೆಂಬುದು ಈ ಶಾಸ್ತ್ರದ ಕಟ್ಟಳೆ. ಕೇವಲ ಕಿವಿಗೆ ಹೋಲುವುದನ್ನು ನಂಬದೆ ಇಂತಹ ನಿಯಮಗಳನ್ನು ಹುಡುಕಬೇಕೆಂದು ತೋರಿಸಿದವರಲ್ಲಿ ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ ಪ್ರಮುಖನು. ಪ್ರಾಚೀನ ನಾರ್ಸ್ ಭಾಷೆಯ ಮೂಲವನ್ನು ಕುರಿತ ಅವನ ಪ್ರಬಂಧವು 1818ರಲ್ಲಿ ಅಚ್ಚಾಯಿತು. ಬಳಿಕ ಅವನು ಪರ್ಷಿಯಾ ಮಾರ್ಗವಾಗಿ ಭಾರತಕ್ಕೂ ಸಿಂಹಳಕ್ಕೂ ಬಂದುಹೋದನು.

ಎರಡನೆಯ ಅಂಗವಾದ ‘ಬೂದ್’ ಈ ಶಬ್ದದ ಪ್ರಾಣ. ಸ್ವೀಡಿಷಿನಲ್ಲಿ ಇದಕ್ಕೆ ಅಪ್ಪಣೆ, ಸಂದೇಶ, ಕೊಡುವೆನೆಂದು ಮುಂದಿಡುವ ಬೆಲೆ ಎಂದು ಹಲವು ಅರ್ಥಗಳುಂಟು. ಕ್ರೈಸ್ತರ ಹತ್ತು ಆಜ್ಞೆಗಳಲ್ಲಿ ಒಂದೊಂದೂ ಒಂದು ‘ಬೂದ್’. ಚೀಟಿ ತಲುಪಿಸುವ ಓಲೆಕಾರನೂ ‘ಬೂದ್’. ನಿಷೇಧಕ್ಕೆ ‘ಫೋರ್‌ಬೂದ್’ ಎನ್ನುವರು. ‘ಬ್ಯೂದ’ ಎಂಬ ಕ್ರಿಯಾಪದಕ್ಕೆ ಆಜ್ಞಾಪಿಸು ಎಂತಲೂ ಊಟಕ್ಕೆ ಕರೆ ಎಂತಲೂ ಅರ್ಥ. ಆಜ್ಞೆಗೂ ಆಮಂತ್ರಣಕ್ಕೂ ಒಂದೇ ಮಾತೆಂದರೆ ವಿಚಿತ್ರವೆನಿಸಬಹುದು. ಆದರೆ ನಮ್ಮ ಮನೆಗಳಲ್ಲಿಯೇ ನೋಡಿರಿ: “ಮದುವೆಗೆ ಹೇಳಿಬಂದೆವು” ಎಂದರೆ ಕರೆದು ಬಂದೆವೆಂದು ಅರ್ಥ, “ಹೇಳಿದ ಮಾತು ಕೇಳು” ಎಂದರೆ ಅಪ್ಪಣೆಯನ್ನು ನಡಸೆಂದು ಅರ್ಥ, “ಹೇಳಿಕಳುಹಿಸಿದರು” ಎಂದರೆ ಸಂದೇಶ ಬಂದಿತೆಂದು ಅರ್ಥ. ಹೇಳುವುದೊಂದೇ ಮೂರು ಬಗೆಯಾಯಿತು. ‘ಬೂದ್’ ಎಂಬುದರ ಕಥೆಯೂ ಇದೇ.

ಈ ‘ಬೂದ್’ ಎಂಬುದರ ಮೂಲವನ್ನು ಹಿಡಿದು ಹೋದರೆ ನಾವು ತಲುಪುವುದು ಸಂಸ್ಕೃತದ ‘ಬುಧ್’ ಧಾತುವಿನ ಬಳಿಗೆ. ಎಚ್ಚರವಾಗಿರು, ತಿಳಿ ಎಂದು ಆ ಧಾತುವಿನ ಅರ್ಥ. ಬುದ್ಧಿ, ಬೋಧೆ, ಪ್ರಬುದ್ಧ, ಬುಧಜನ, ಕಡೆಗೆ ಭಗವಾನ್ ಬುದ್ಧನ ಹೆಸರು, ಇವೆಲ್ಲವೂ ಆ ಧಾತುವಿನಿಂದ ಹುಟ್ಟಿದವು. ಸಂಸ್ಕೃತದ ಭಕಾರ ಧಕಾರಗಳಿರುವಲ್ಲಿ ಸ್ವೀಡಿಷಿನಲ್ಲಿ ಬಕಾರ ದಕಾರಗಳಿರುವುದು ನಿಯಮ. ನಮ್ಮ ‘ಭ್ರಾತೃ’ ಅವರ ಹಳೆಯ ‘ಬ್ರೂದೆರ್’. ನಮ್ಮ ‘ಮಧು’ ಅವರ ಜೇನಿನ ಪಾನಕವಾದ ‘ಮ್ಯೋದ್’. ‘ಬುಧ್’ ಎಂಬುದು ಬಕಾರದಿಂದಲೇ ಮೊದಲಾಗುತ್ತದೆಯಲ್ಲ ಎಂಬ ಆಕ್ಷೇಪಕ್ಕೆ ಸಂಸ್ಕೃತವೇ ಉತ್ತರ ಹೇಳುವುದು. ಒಂದೇ ಧಾತುವಿನಲ್ಲಿ ಎರಡು ಮಹಾಪ್ರಾಣಗಳು ಕೂಡಿದಾಗ ಮೊದಲನೆಯದು ಅಲ್ಪಪ್ರಾಣವಾಯಿತು. ಆದರೆ ಭವಿಷ್ಯತ್ಕಾಲದ ‘ಭೋತ್ಸ್ಯತೇ’ ಎಂಬ ರೂಪದಲ್ಲಿ ಕೊನೆಯ ಧಕಾರವು ತನ್ನ ಮಹಾಪ್ರಾಣವನ್ನು ಬಿಟ್ಟೊಡನೆ, ಅಡಗಿದ್ದ ಮೊದಲಿನ ಭಕಾರವು ಹೊರಬಂದಿದೆ.

ಅರ್ಥವು ನಡೆದ ದಾರಿಯೂ ಸುಲಭವಾಗಿ ಕಾಣುವುದು. ತಾನು ಎಚ್ಚರವಾಗಿರುವುದು ಮೊದಲು. ಇನ್ನೊಬ್ಬನನ್ನು ಎಚ್ಚರಿಸಿ ತಿಳಿಸುವುದು ಅನಂತರ. ಭಾರತದಲ್ಲಿ ಆ ತಿಳಿವಳಿಕೆಯು ಒಳಮುಖವಾಗಿ ಹೋಗಿ ಜ್ಞಾನವೂ ಬೋಧೆಯೂ ಆಯಿತು. ಉತ್ತರದೇಶದಲ್ಲಿ ಅದು ಹೊರಮುಖವಾಗಿ ಹೋಗಿ, ನಾಲ್ಕು ಜನರಿಗೆ ಸಾರಿ ತಿಳಿಸುವ ಸಂದೇಶವೂ ಕಟ್ಟಪ್ಪಣೆಯೂ ಆಯಿತು. ಎರಡಕ್ಕೂ ಬಹಳ ದೂರವೇನಿಲ್ಲ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಒಡೆಯನ ಮುಂದೆ ನಿಂತ ಒಕ್ಕಲು ಮಗನು “ಅಪ್ಪಣೆ, ಬುದ್ಧೀ” ಎಂದು ಕೈಮುಗಿಯುತ್ತಿದ್ದನಲ್ಲವೆ? ಬುದ್ಧಿ ಹೇಳುವವನೂ ಅಪ್ಪಣೆ ಕೊಡುವವನೂ ಒಬ್ಬನೇ ಎಂಬ ಭಾವವು ನಮ್ಮಲ್ಲಿಯೂ ಇದ್ದಿತು.

ಮೂರನೆಯ ಅಂಗ ‘ಮನ್’. ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ‘ಮನು’ ಎಂಬುದರ ಸೋದರನಿವನು. ಹಳೆಯ ಕಾಲದಲ್ಲಿ ಇದಕ್ಕೆ ಗಂಡಸೆಂಬ ಅರ್ಥವೊಂದೇ ಇರಲಿಲ್ಲ. ‘ಮನುಷ್ಯ’ ಎಂಬುದೂ ಇದ್ದಿತು. ಐಸ್‌ಲೆಂಡಿನಲ್ಲಿ ಇಂದಿಗೂ ಆ ಅರ್ಥ ಬಳಕೆಯಲ್ಲಿದೆ. ಆದಕಾರಣ ಸ್ವೀಡನ್ನಿನಲ್ಲಿ ಸ್ತ್ರೀಯರು ಈ ಪದವಿಗೆ ಬಂದಾಗಲೂ ಹೆಸರು ಬದಲಾಗದೆ ಉಳಿಯಿತು.

ಇನ್ನು ಮೂರನ್ನೂ ಕೂಡಿಸೋಣ. ‘ಒಂಬೂದ್’ ಎಂದರೆ ಒಬ್ಬನ ಕುರಿತಾಗಿ ಇನ್ನೊಬ್ಬನ ಕೈಗೆ ಕೊಟ್ಟ ಅಪ್ಪಣೆ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ‘ವಕಾಲತ್ತು’. ಅರಬ್ಬೀ ಮೂಲದ ‘ವಕೀಲ’ ಎಂಬ ಮಾತಿಗೂ, ಮತ್ತೊಬ್ಬನು ನಂಬಿ ಒಪ್ಪಿಸಿದ ಕೆಲಸವನ್ನು ಹೊತ್ತವನೆಂದೇ ಅರ್ಥ. ಸ್ವೀಡನ್ನಿನಲ್ಲಿ ಈಗಲೂ ಅಂಚೆಯ ಗಂಟುಗಳನ್ನು ಅಂಚೆಯವರ ಪರವಾಗಿ ಕೊಡುವ ಕಿರಾಣಿ ಅಂಗಡಿಗೆ ‘ಒಂಬೂದ್’ ಎನ್ನುವರು. ನ್ಯಾಯಸ್ಥಾನದಲ್ಲಿ ಕಕ್ಷಿಗಾರನ ಪರವಾಗಿ ನಿಲ್ಲುವವನಿಗೂ ಅದೇ ಹೆಸರು. ಕಾರ್ಮಿಕ ಸಂಘದ ವೇತನಸ್ಥ ಕಾರ್ಯಕರ್ತನು ‘ಒಂಬೂದ್ಸ್‌ಮನ್’. ಐಸ್‌ಲೆಂಡಿನಲ್ಲಿ ಮೋಟಾರು ಗಾಡಿಗಳ ಏಜೆನ್ಸಿಗೆ ಇದೇ ಶಬ್ದ. ಆದುದರಿಂದ ಈ ಮಾತಿನಲ್ಲಿ ನ್ಯಾಯವೆಂತಲೂ ದಯೆಯೆಂತಲೂ ತಾನಾಗಿಯೇ ಯಾವ ಅರ್ಥವೂ ಇಲ್ಲ. ಅಪ್ಪಣೆ ಹೊತ್ತವನೆಂಬುದಷ್ಟೇ ಇದೆ. ಯಾರ ಅಪ್ಪಣೆ ಎಂಬುದನ್ನು ಶಬ್ದವು ಹೇಳುವುದಿಲ್ಲ.

ಪ್ರಾಚೀನ ಜರ್ಮಾನಿಕ ಗಣಗಳಲ್ಲಿ ಕೊಲೆಯಾದವನ ಮನೆಯವರ ಪರವಾಗಿ ಕೊಂದವನ ಕುಲದಿಂದ ದಂಡವನ್ನು ವಸೂಲುಮಾಡುತ್ತಿದ್ದ ಮಧ್ಯಸ್ಥನೇ ಮೊದಲ ಒಂಬುಡ್ಸ್‌ಮನ್ ಎಂಬ ಒಂದು ಕಥೆಯನ್ನು ಕೆಲವರು ಬರೆದಿರುವರು. ಕಥೆ ಚೆನ್ನಾಗಿದೆ, ಆದರೆ ಶಬ್ದದ ಅಂಗಗಳು ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ದಂಡಕ್ಕೆ ಸ್ವೀಡಿಷಿನಲ್ಲಿ ‘ಬೂತ್’ ಎಂಬ ಬೇರೆ ಮಾತುಂಟು. ಅದರ ಧಾತುವೂ ಬೇರೆ.

ದಾಖಲೆಗಳಲ್ಲಿ ದೊರೆಯುವ ಚಿತ್ರವು ಇದಕ್ಕೆ ತೀರ ವಿರುದ್ಧವಾದುದು. 1241ರಲ್ಲಿ ಡೆನ್ಮಾರ್ಕಿನ ಎರಡನೆಯ ವಾಲ್ಡೆಮಾರ್ ದೊರೆಯು ಹೊರಡಿಸಿದ ಜಟ್ಲೆಂಡ್ ಸೀಮೆಯ ಧರ್ಮಸಂಹಿತೆಯಲ್ಲಿ ‘ಉಂಬೋಸ್‌ಮನ್’ ಎಂಬ ರೂಪದಲ್ಲಿ ಈ ಶಬ್ದವಿದೆ. ಅಲ್ಲಿ ಅವನು ಒಂದು ಹೋಬಳಿಗೆ ನೇಮಕವಾದ ರಾಜಾಧಿಕಾರಿ. ಎಂದರೆ ಮೊದಮೊದಲು ಇವನು ಪ್ರಜೆಗಳ ಪರವಾಗಿ ಅರಮನೆಗೆ ಹೋಗತಕ್ಕವನಲ್ಲ, ಅರಮನೆಯ ಪರವಾಗಿ ಪ್ರಜೆಗಳ ಬಳಿಗೆ ಬರತಕ್ಕವನು.

ಅಲ್ಲಿಂದ ಐದುನೂರು ವರ್ಷಗಳ ಸಮೀಪಕ್ಕೆ ಬರೋಣ. ಸ್ವೀಡನ್ನಿನ ಹನ್ನೆರಡನೆಯ ಕಾರ್ಲ್ ದೊರೆಯು 1700ರಲ್ಲಿ ದಂಡಯಾತ್ರೆಗೆಂದು ಹೊರಟವನು ಬಹುಕಾಲ ಹಿಂದಿರುಗಲಿಲ್ಲ. 1709ರಲ್ಲಿ ಪೊಲ್ತಾವದ ರಣದಲ್ಲಿ ರಷ್ಯದ ಪೀಟರನಿಂದ ಸೋತು, ತುರುಕರ ಸುಲ್ತಾನನ ಆಶ್ರಯದಲ್ಲಿ ವರ್ಷಗಟ್ಟಲೆ ಕಾಲ ಕಳೆದನು. ಯಜಮಾನನಿಲ್ಲದ ಮನೆಯಂತೆ ರಾಜ್ಯವು ಸಡಿಲವಾಯಿತು. ಅಧಿಕಾರಿಗಳು ತಮತಮಗೆ ತೋರಿದಂತೆ ನಡೆದುಕೊಳ್ಳಹತ್ತಿದರು. 1713ನೆಯ ಅಕ್ಟೋಬರ್ 26ರಂದು ತುರುಕರ ಸೀಮೆಯ ತಿಮುರ್ತಾಷ್ ಎಂಬಲ್ಲಿಂದ ದೊರೆಯು ಒಂದು ನಿರೂಪವನ್ನು ಕಳುಹಿಸಿ, ನ್ಯಾಯಾಧೀಶರೂ ಅಧಿಕಾರಿಗಳೂ ಕಾನೂನಿನಂತೆ ನಡೆಯುವರೋ ಇಲ್ಲವೋ ನೋಡುವುದಕ್ಕಾಗಿ ತನ್ನ ಪರವಾಗಿ ‘ಪರಮೋಚ್ಚ ಒಂಬುಡ್ಸ್‌ಮನ್’ ಒಬ್ಬನನ್ನು ನೇಮಿಸಿದನು. ಇವನೂ ದೊರೆಯ ಮನುಷ್ಯನೇ. ಆದರೆ ಈಗ ಅವನ ಕಣ್ಣು ಪ್ರಜೆಗಳ ಮೇಲಲ್ಲ, ದೊರೆಯ ನೌಕರರ ಮೇಲೆ ಬಿದ್ದಿತು. ಶಬ್ದವು ಇಲ್ಲಿ ಒಂದು ತಿರುವನ್ನು ಕಂಡಿತು.

ದೊರೆಯು 1718ರಲ್ಲಿ ರಣದಲ್ಲಿ ಮಡಿದನು. ಮರುವರ್ಷ ಆ ಪದವಿಗೆ ‘ನ್ಯಾಯ ಚಾನ್ಸೆಲರ್’ ಎಂಬ ಹೆಸರಾಯಿತು. ಇಲ್ಲಿಂದ ಮುಂದೆ ಅವನು ಯಾರವನೆಂಬ ಜಗ್ಗಾಟ ನಡೆಯಿತು. 1766ರಲ್ಲಿ ‘ರಿಕ್ಸ್‌ದಾಗ್’ ಎಂಬ ಪ್ರಜಾಪ್ರತಿನಿಧಿಗಳ ಮಹಾಸಭೆಯು ಅವನನ್ನು ತಾನೇ ಆರಿಸತೊಡಗಿತು. 1772ರಲ್ಲಿ ಮೂರನೆಯ ಗುಸ್ತಾವ್ ದೊರೆಯು ಅಧಿಕಾರವನ್ನು ಕಸಿದುಕೊಂಡಾಗ ಅವನು ಮತ್ತೆ ದೊರೆಯವನಾದನು. ಆರೇ ವರ್ಷಗಳಲ್ಲಿ ಅಪ್ಪಣೆ ಕೊಡುವವನು ಬದಲಾದನು. ಹೊತ್ತ ಪದವಿ ಮಾತ್ರ ಅದೇ.

ಕೊನೆಗೆ 1809ನೆಯ ವರ್ಷ ಬಂದಿತು. ರಷ್ಯದೊಡನೆ ನಡೆದ ಯುದ್ಧದಲ್ಲಿ ಫಿನ್ಲೆಂಡ್ ಕೈಬಿಡುತ್ತಲಿದ್ದಾಗ ಸೈನ್ಯಾಧಿಕಾರಿಗಳು ನಾಲ್ಕನೆಯ ಗುಸ್ತಾವ್ ಅಡಾಲ್ಫನನ್ನು ಮಾರ್ಚ್ 13ರಂದು ಸೆರೆಹಿಡಿದರು. ಜೂನ್ 6ರಂದು ಹೊಸ ರಾಜ್ಯಾಂಗವು ಜಾರಿಗೆ ಬಂದಿತು. ಅದನ್ನು ರಚಿಸಿದವರು ಹಿಂದಿನ ಜಗ್ಗಾಟದಿಂದ ಪಾಠ ಕಲಿತಿದ್ದರು. ದೊರೆಯ ಚಾನ್ಸೆಲರನನ್ನು ದೊರೆಗೇ ಬಿಟ್ಟು, ಅವನ ಪಕ್ಕದಲ್ಲಿ ಮಹಾಸಭೆಯು ತಾನೇ ಆರಿಸತಕ್ಕ ‘ನ್ಯಾಯ ಒಂಬುಡ್ಸ್‌ಮನ್’ ಎಂಬ ಬೇರೆ ಪದವಿಯನ್ನು ಏರ್ಪಡಿಸಿದರು. ರಾಜ್ಯಾಂಗ ಸಮಿತಿಯ ಅಧ್ಯಕ್ಷನಾಗಿದ್ದ ಲಾರ್ಸ್ ಆಗಸ್ಟಿನ್ ಮಾನ್ನರ್‌ಹೈಮ್ ಎಂಬವನು 1810ರಲ್ಲಿ ಆ ಪದವಿಗೆ ಮೊದಲಿಗನಾಗಿ ಆರಿಸಿಬಂದನು.

ಈ ಪದವಿಯ ಬಲವು ಎಲ್ಲಿದೆ ಎಂಬುದನ್ನು ಗಮನಿಸತಕ್ಕದ್ದು. ಅವನ ಕೈಯಲ್ಲಿ ಸೈನ್ಯವಿಲ್ಲ; ತೀರ್ಪನ್ನು ಅಳಿಸಿ ಬೇರೆ ತೀರ್ಪು ಬರೆಯುವ ಅಧಿಕಾರವೂ ಇಲ್ಲ. ಆದರೆ ಕಚೇರಿ, ನ್ಯಾಯಸ್ಥಾನ, ಸೆರೆಮನೆಗಳಿಗೆ ಹೋಗಿ ಕಾಗದಪತ್ರಗಳನ್ನು ತರಿಸಿ ನೋಡಬಹುದು. ತಪ್ಪು ಮಾಡಿದ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಬಹುದು. ತನ್ನ ಅಭಿಪ್ರಾಯವನ್ನು ಹೆಸರು ಹಿಡಿದು ಬಹಿರಂಗವಾಗಿ ಪ್ರಕಟಿಸಬಹುದು. ದೂರು ಕೊಡುವುದಕ್ಕೆ ಶುಲ್ಕವಿಲ್ಲ. ಆ ದೇಶದ ಪ್ರಜೆಯೇ ಆಗಿರಬೇಕೆಂಬ ನಿರ್ಬಂಧವೂ ಇಲ್ಲ. ಸರ್ಕಾರಿ ಕಾಗದಗಳನ್ನು ಯಾರು ಬೇಕಾದರೂ ನೋಡಬಹುದೆಂಬ ಕಾನೂನು ಸ್ವೀಡನ್ನಿನಲ್ಲಿ 1766ರಲ್ಲಿಯೇ ಹುಟ್ಟಿದ್ದುದರಿಂದ, ಒಂಬುಡ್ಸ್‌ಮನ್ನನ ಮಾತು ಕಚೇರಿಯ ಕಪಾಟಿನಲ್ಲಿ ಹೂತುಹೋಗದೆ ಊರಿಗೆಲ್ಲ ಕೇಳಿಸುತ್ತದೆ. ಸಾರಿ ತಿಳಿಸುವುದೆಂಬ ‘ಬೂದ್’ ಶಬ್ದದ ಹಳೆಯ ಅರ್ಥವು ಇಲ್ಲಿ ಮತ್ತೆ ಜೀವ ತಳೆದಿದೆ ಎನ್ನಬಹುದು. ಕಾಲಕ್ರಮದಲ್ಲಿ ಒಬ್ಬನಿಂದ ಆಗದಷ್ಟು ಕೆಲಸ ಬೆಳೆದು, 1970ರ ದಶಕದ ನಡುವಿನಲ್ಲಿ ಆ ಪದವಿಯಲ್ಲಿರತಕ್ಕವರ ಸಂಖ್ಯೆಯನ್ನು ನಾಲ್ಕಕ್ಕೆ ಏರಿಸಿದರು.

ನೂರು ವರ್ಷಗಳ ಕಾಲ ಈ ಏರ್ಪಾಡು ಸ್ವೀಡನ್ನಿನ ಹೊರಗೆ ಹೋಗಲಿಲ್ಲ. ಫಿನ್ಲೆಂಡ್ ಸ್ವತಂತ್ರವಾದ ಮೇಲೆ 1919ರ ರಾಜ್ಯಾಂಗದಲ್ಲಿ ಅದನ್ನು ಸೇರಿಸಿಕೊಂಡಿತು. ಡೆನ್ಮಾರ್ಕಿನಲ್ಲಿ 1955ರಲ್ಲಿ ಸ್ಟೀಫನ್ ಹುರ್ವಿಟ್ಸ್ ಎಂಬ ಪಂಡಿತನು ಮೊದಲ ಒಂಬುಡ್ಸ್‌ಮನ್ನನಾದನು. 1962ರಲ್ಲಿ ನ್ಯೂಜಿಲೆಂಡ್ ಶಬ್ದವನ್ನೂ ಪದವಿಯನ್ನೂ ಹಾಗೆಯೇ ಎರವಲು ಪಡೆಯಿತು. ಆಮೇಲೆ ಅದು ಲೋಕದ ಎಲ್ಲ ಮೂಲೆಗಳಿಗೂ ಹಬ್ಬಿತು. ಆದರೆ ಒಂದೊಂದು ದೇಶವೂ ತನ್ನ ಭಾಷೆಯಲ್ಲಿ ಅದಕ್ಕೆ ಇಟ್ಟ ಹೆಸರನ್ನು ನೋಡಿದರೆ ಆ ಜನರು ಅವನಿಂದ ಬಯಸಿದುದೇನೆಂದು ತಿಳಿದುಬರುವುದು. ಫ್ರಾನ್ಸಿನವರು 1973ರಲ್ಲಿ ‘ಮಧ್ಯಸ್ಥ’ ಎಂದರು. ಸರ್ವಾಧಿಕಾರದಿಂದ ಆಗತಾನೆ ಬಿಡುಗಡೆ ಹೊಂದಿದ್ದ ಸ್ಪೇನಿನವರು 1978ರ ರಾಜ್ಯಾಂಗದಲ್ಲಿ ‘ಜನರಕ್ಷಕ’ ಎಂದರು. ಇಂಗ್ಲೆಂಡಿನವರು 1967ರಲ್ಲಿ, ತಮ್ಮ ಸ್ವಭಾವಕ್ಕೆ ತಕ್ಕಂತೆ, ‘ಪಾರ್ಲಿಮೆಂಟಿನ ಕಮಿಷನರ್’ ಎಂದರು.

ನಮ್ಮ ದೇಶದಲ್ಲಿ 1963ರಲ್ಲಿ ಲೋಕಸಭೆಯ ಸದಸ್ಯರಾಗಿದ್ದ ಡಾ॥ ಎಲ್. ಎಂ. ಸಿಂಘ್ವಿಯವರು ಈ ಪದವಿಗೆ ‘ಲೋಕಪಾಲ’, ‘ಲೋಕಾಯುಕ್ತ’ ಎಂಬ ಹೆಸರುಗಳನ್ನು ರೂಪಿಸಿದರು. ‘ಆಯುಕ್ತ’ ಎಂದರೆ ನಿಯೋಜಿತನಾದವನು. ‘ಯುಜ್’ ಧಾತು, ನೊಗಕ್ಕೆ ಹೂಡುವುದೆಂದು ಮೂಲಾರ್ಥ. ನೊಗಕ್ಕೆ ಸ್ವೀಡಿಷಿನಲ್ಲಿರುವ ‘ಊಕ್’ ಎಂಬ ಮಾತೂ ಇದೇ ಧಾತುವಿನದು. ಲೋಕವು ನೊಗಕ್ಕೆ ಹೂಡಿದವನು ಲೋಕಾಯುಕ್ತನು. ಇದರಿಂದ ‘ಒಂಬೂದ್ಸ್‌ಮನ್’ ಎಂಬುದರ ಅರ್ಥವು ಬಹುಮಟ್ಟಿಗೆ ಕೈಸೇರಿತು.

ಇಲ್ಲಿ ನಮಗೆ ಇನ್ನೊಂದು ಆಶ್ಚರ್ಯ ಕಾದಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಯುಕ್ತ’ರೆಂದರೆ ರಾಜನ ಅಧಿಕಾರಿಗಳು, ಅವರು ಹಣ ತಿನ್ನುವುದನ್ನು ಪತ್ತೆಹಚ್ಚುವ ಕಷ್ಟವನ್ನು ನೀರೊಳಗಿನ ಮೀನಿನ ಉಪಮೆಯಿಂದ ಅವನು ಹೇಳಿರುವುದು ಬಲ್ಲವರಿಗೆ ತಿಳಿದೇ ಇದೆ. ಯಾವ ಹೆಸರಿನವರ ಮೇಲೆ ಕಾವಲು ಬೇಕಾಗಿದ್ದಿತೋ ಆ ಹೆಸರೇ ಇಂದು ಕಾವಲುಗಾರನಿಗೆ ಬಂದಿದೆ. ಜಟ್ಲೆಂಡಿನ ‘ಉಂಬೋಸ್‌ಮನ್’ ನಡೆದುಬಂದ ಹಾದಿಯೂ ಇದೇ. ಒಂದನ್ನೊಂದು ಅರಿಯದ ಎರಡು ದೇಶಗಳಲ್ಲಿ, ರಾಜನ ಮನುಷ್ಯನೆಂಬ ಅರ್ಥದ ಎರಡು ಮಾತುಗಳು ಜನರ ಮನುಷ್ಯನೆಂಬ ಅರ್ಥಕ್ಕೆ ಬಂದು ನಿಂತವು.

ಆದರೆ ಹೆಸರು ಬದಲಾದ ಮಾತ್ರಕ್ಕೆ ಅಪ್ಪಣೆ ಕೊಡುವವನು ಬದಲಾದನೆಂದು ತಿಳಿಯಲಾಗದು. ನಮ್ಮ ಕರ್ನಾಟಕದ ಅನುಭವವೇ ಇದಕ್ಕೆ ನಿದರ್ಶನ. 1984ರಲ್ಲಿ ಕರ್ನಾಟಕ ಲೋಕಾಯುಕ್ತ ಕಾಯಿದೆಯಾಯಿತು. 1986ರಲ್ಲಿ ಸಂಸ್ಥೆಯು ಕಾರ್ಯಾರಂಭ ಮಾಡಿತು. 2011ರ ಜುಲೈ ತಿಂಗಳಿನಲ್ಲಿ ಬಳ್ಳಾರಿ ಸೀಮೆಯ ಅಕ್ರಮ ಗಣಿಗಾರಿಕೆಯನ್ನು ಕುರಿತು ಲೋಕಾಯುಕ್ತರು ಕೊಟ್ಟ ವರದಿಯ ಫಲವಾಗಿ ಆಗಿನ ಮುಖ್ಯಮಂತ್ರಿಗಳೇ ಪದವಿಯನ್ನು ಬಿಡಬೇಕಾಯಿತು. 2016ರಲ್ಲಿ ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವೆಂಬ ಬೇರೊಂದು ದಳವನ್ನು ತನ್ನ ಕೈಕೆಳಗೆ ಸ್ಥಾಪಿಸಿ, ಲಂಚದ ಮೊಕದ್ದಮೆಗಳ ತನಿಖೆಯ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಂದ ತೆಗೆದು ಅದಕ್ಕೆ ಕೊಟ್ಟಿತು. ಲೋಕಾಯುಕ್ತವೆಂಬ ಫಲಕವೇನೋ ಹಾಗೆಯೇ ತೂಗುತ್ತಲಿದ್ದಿತು. ನೊಗದ ಹಗ್ಗವು ಬೇರೆಯವರ ಕೈಯಲ್ಲಿದ್ದಿತು. 2022ನೆಯ ಆಗಸ್ಟ್ ತಿಂಗಳಿನಲ್ಲಿ ಉಚ್ಚ ನ್ಯಾಯಾಲಯವು ಆ ದಳದ ಸ್ಥಾಪನೆಯ ಆದೇಶವನ್ನು ರದ್ದುಪಡಿಸಿ, ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಸ್ವೀಡನ್ನಿನಲ್ಲಿ 1766ಕ್ಕೂ 1809ಕ್ಕೂ ನಡುವೆ ನಡೆದ ಜಗ್ಗಾಟಕ್ಕೂ ಇದಕ್ಕೂ ಬಹಳ ವ್ಯತ್ಯಾಸವೇನೂ ನಮಗೆ ಕಾಣುವುದಿಲ್ಲ.

ಇನ್ನು ಬ್ಯಾಂಕಿನ ಗೋಡೆಯ ಫಲಕಕ್ಕೆ ಬರೋಣ. ಭಾರತೀಯ ರಿಸರ್ವ್ ಬ್ಯಾಂಕು 1995ರಲ್ಲಿ ಬ್ಯಾಂಕುಗಳ ಗ್ರಾಹಕರಿಗಾಗಿ ಈ ಏರ್ಪಾಡನ್ನು ಆರಂಭಿಸಿತು; 2021ರಲ್ಲಿ ಬೇರೆಬೇರೆ ಯೋಜನೆಗಳನ್ನು ಒಂದುಗೂಡಿಸಿತು. ಅವನನ್ನು ನೇಮಿಸತಕ್ಕದ್ದು ರಿಸರ್ವ್ ಬ್ಯಾಂಕು, ಹಣವಿಟ್ಟ ಗೃಹಸ್ಥರಲ್ಲ. ದೂರಿಗೆ ಗುರಿಯಾದ ಬ್ಯಾಂಕಿನ ನೌಕರನಂತೂ ಅವನಲ್ಲ. 2021ರ ಯೋಜನೆಯ ಕ್ರಮದಂತೆ ಮೊದಲು ತನ್ನ ಬ್ಯಾಂಕಿಗೇ ಬರೆದು ದೂರು ಕೊಡಬೇಕು. ಮೂವತ್ತು ದಿನಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ಒಂಬುಡ್ಸ್‌ಮನ್ನರಿಗೆ ಬರೆಯಬಹುದು. ಅದಕ್ಕೆ ಶುಲ್ಕವೂ ಬೇಡ, ವಕೀಲರೂ ಬೇಡ. ಬ್ಯಾಂಕಿಗೆ ಕೊಟ್ಟ ಪತ್ರದ ಪ್ರತಿಯನ್ನೂ ಅದು ತಲುಪಿದ ದಿನಾಂಕದ ಗುರುತನ್ನೂ ಜೋಪಾನವಾಗಿ ಇಟ್ಟುಕೊಂಡಿರುವುದು ಮಾತ್ರ ಅಗತ್ಯ. ಬಾಯಿಮಾತಿನ ದೂರಿಗೆ ಯಾವ ದೇಶದಲ್ಲಿಯೂ ಸಾಕ್ಷಿ ಇರುವುದಿಲ್ಲ.

ಆ ಕ್ರಮದಂತೆಯೇ ನಾವು ಆ ತಾಯಿಯವರ ಪರವಾಗಿ ಕನ್ನಡದಲ್ಲಿ ಒಂದು ಪತ್ರವನ್ನು ಬರೆದುಕೊಟ್ಟೆವು. ಕಡಿತವಾದ ಎರಡು ದಿನಾಂಕಗಳನ್ನೂ ಮೊತ್ತಗಳನ್ನೂ ಕಾಣಿಸಿ, ವಿಮೆಗೆ ತಾವು ಒಪ್ಪಿ ಸಹಿಮಾಡಿದ ಕಾಗದವಿದ್ದರೆ ತೋರಿಸಬೇಕೆಂದು ಕೇಳಿ, ಕೊನೆಯಲ್ಲಿ, ಮೂವತ್ತು ದಿನಗಳೊಳಗೆ ಸಮಾಧಾನ ದೊರೆಯದಿದ್ದರೆ ಫಲಕದಲ್ಲಿ ಹೆಸರಿಸಿರುವ ಅಧಿಕಾರಿಯವರಿಗೆ ಬರೆಯುವೆನೆಂದು ತಿಳಿಸಿದ್ದಾಯಿತು. ಸಹಿಯನ್ನು ಅವರೇ ಮಾಡಿದರು. ಮೂರನೆಯ ವಾರದಲ್ಲಿ ಎರಡು ಕಂತುಗಳ ಹಣವೂ ಅವರ ಲೆಕ್ಕಕ್ಕೆ ಮರಳಿತು. ಒಂಬುಡ್ಸ್‌ಮನ್ನರವರೆಗೆ ಹೋಗುವ ಪ್ರಮೇಯವೇ ಬರಲಿಲ್ಲ.

ಹಣ ಬಂದ ಸುದ್ದಿಯನ್ನು ಹೇಳುವುದಕ್ಕೆ ಅವರು ನಮ್ಮ ಮನೆಗೆ ಬಂದಾಗ, ನಾವು ಬಾಕಿ ಉಳಿಸಿಕೊಂಡಿದ್ದ ಉತ್ತರವನ್ನು ಒಪ್ಪಿಸಿದೆವು. ಅವನು ಹುಟ್ಟಿದ್ದು ದೊರೆಯ ಮನುಷ್ಯನಾಗಿ. ಜನರು ಬಹುಕಾಲ ಹೋರಾಡಿ ಅವನನ್ನು ತಮ್ಮವನನ್ನಾಗಿ ಮಾಡಿಕೊಂಡರು. ಅವನ ಹೆಸರಿನ ನಡುವೆ ಇರುವ ಮಾತಿಗೆ ‘ಹೇಳಿಕಳುಹಿಸುವುದು’ ಎಂದು ಅರ್ಥ. ಆ ಮಾತಿಗೂ ನಮ್ಮ ಬುದ್ಧಿಗೂ ಧಾತು ಒಂದೇ. ಎಚ್ಚರವಾಗಿರುವುದೆಂದು ಅದರ ಮೊದಲ ಅರ್ಥವೆಂದು ವಿವರಿಸಿದೆವು. ಗ್ರೀಕು ಲ್ಯಾಟಿನ್ನುಗಳ ವಿಷಯವನ್ನು ಬಿಟ್ಟುಬಿಟ್ಟೆವು. ಅವರು ಕೊಟ್ಟ ಕಾಫಿಯ ಲೋಟವನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ನಾವು ಎಚ್ಚರವಾಗಿದ್ದು ಹೇಳಿಕಳುಹಿಸಿದರೆ ನಮ್ಮವನು, ಸುಮ್ಮನಿದ್ದರೆ ಅವರವನೇ ಅನ್ನಪ್ಪಾ” ಎಂದರು.

ನಮಗೆ ಅದಕ್ಕೆ ಸೇರಿಸುವುದಕ್ಕೆ ಏನೂ ಉಳಿದಿರಲಿಲ್ಲ. ಮುಂದಿನ ಸಲ ಬ್ಯಾಂಕಿಗೆ ಹೋದಾಗ ನಮ್ಮ ವಾಚಕರೂ ಗೋಡೆಯ ಆ ಫಲಕವನ್ನು ಒಮ್ಮೆ ನಿಂತು ಓದಿಬರುವರೆಂದು ನಂಬಿರುವೆವು.